ಸೂಜಿಯಕ್ಕನ ಹೆಸರಿನ ವಿಳಾಸ

ನಾಮರೂಪಗಳಿಗೆ ಅತೀತನಾಗಿದ್ದೂ ಕರೆದವರ ಕರೆಗೆ ಓಗೊಡುವ ಪರಮಾತ್ಮನಿಗೆ ನಮಸ್ಕಾರ.

ನೀನು ಮನೆಬಿಟ್ಟು ಎಂಟು ತಿಂಗಳು ತುಂಬಿದ ಶುಕ್ಲ ದಶಮಿ, ಗುರುವಾರ, ಪ್ರಾತಃಕಾಲ.

ಚಿರಂಜೀವಿ ಸೊಸೆಗೆ ಮಾವನ ಅನಂತ ಆಶೀರ್ವಾದಗಳು.

ನಿನ್ನ ಕ್ಷೇಮವನ್ನು ವಿಚಾರಿಸುವ ಅಧಿಕಾರವನ್ನು ನಾನೇ ಕಳೆದುಕೊಂಡಿದ್ದೇನೆ. ಆದುದರಿಂದ ನೇರವಾಗಿ ಕಾರ್ಯಕ್ಕೇ ಬರುತ್ತೇನೆ. ನಮ್ಮ ಹೊಲಿಗೆ ಯಂತ್ರ ರಿಪೇರಿಯ ಅಂಗಡಿಗೆ ವೆಬ್‌ಸೈಟು ಮಾಡಿಸಲು ನಿನ್ನ ಗಂಡ ನಿಶ್ಚಯಿಸಿದ್ದಾನೆ. ಅದಕ್ಕೊಂದು ಹೆಸರು ಬೇಕು. ಜಗತ್ತಿನಲ್ಲಿ ಇನ್ನಾರೂ ಇಟ್ಟುಕೊಂಡಿರದ ಹೆಸರೇ ಆಗಬೇಕಂತೆ. ನಾಮಕರಣವೆಂಬುದು ನನ್ನ ಸ್ವಾಧೀನದ ವಿದ್ಯೆಯೆಂಬ ಹಮ್ಮಿನಿಂದ ನಿಘಂಟುಗಳನ್ನು ಹರಡಿಕೊಂಡು ಕುಳಿತು, ಮೂರನೆಯ ದಿನ ‘ಸೀವನಯಂತ್ರಸಂಜೀವಿನಿ’ ಎಂದು ಘೋಷಿಸಿದೆನು. ವೆಬ್‌ಸೈಟು ಮಾಡುವ ಹೆಣ್ಣುಮಗಳು ತಲೆಯ ಮೇಲೆ ಕೈಹೊತ್ತು ಕುಳಿತಳು. ಪರದೆ ಹೊಲಿಯುವ ಹೆಂಗಸು, ನಿನಗೆ ಗೊತ್ತಲ್ಲ ಅವಳ ಬಾಯಿ, “ತಾತಾ, ಅದನ್ನ ಇಂಗ್ಲಿಷಲ್ಲಿ ಒತ್ತಿ ಮುಗಿಸೋದ್ರೊಳಗೆ ನನ್ನ ಮಷೀನು ತಾನಾಗೇ ರಿಪೇರಿ ಆಗಿಬಿಡುತ್ತೆ” ಎಂದಳು.

ಆಗ ವೆಬ್‌ಸೈಟಿನ ಹೆಣ್ಣುಮಗಳು, “ಹೆಸರು ಪುಸ್ತಕದಲ್ಲಿ ಇರಲ್ಲ ತಾತ, ಜನರ ಬಾಯಲ್ಲಿರುತ್ತೆ” ಎಂದು ಬಾಗಿಲಲ್ಲಿ ನಿಂತು, ಬಂದವರನ್ನೆಲ್ಲ ಈ ಅಂಗಡಿಯ ಹೆಸರೇನೆಂದು ಕೇಳತೊಡಗಿದಳು. ಅವರ ನೆತ್ತಿಯ ಮೇಲೆಯೇ ಬೋರ್ಡಿನಲ್ಲಿ ನನ್ನ ತಂದೆಯವರ ಹೆಸರಿದೆ. ಒಬ್ಬರೂ ಕತ್ತೆತ್ತಲಿಲ್ಲ. ಬಂದ ಏಳು ಮಂದಿಯೂ “ಸೂಜಿಯಕ್ಕನ ಅಂಗಡಿ” ಎಂದರು. ಚಕ್ರ ತಿರುಗುವ ಸದ್ದಿನಿಂದಲೇ ಸೂಜಿ ಬಾಗಿದೆಯೆಂದು ಹೇಳುತ್ತಿದ್ದ ನಿನಗೆ ಅವರಿಟ್ಟ ಹೆಸರು.

ಅದೇ ಹೆಸರನ್ನು ನೀನು ಅಂಗಡಿಯ ಕಾರ್ಡಿನ ಮೇಲೆ ಅಚ್ಚು ಹಾಕಿಸಿದಾಗ, ಗಿರಾಕಿಗಳೆದುರಿಗೆ ಕಾರ್ಡುಗಳನ್ನು ಹರಿದೆಸೆದು, “ಸೊಸೆಯ ಅಡ್ಡಹೆಸರಿನಲ್ಲಿ ಬದುಕುವ ಗತಿ ಈ ಮನೆಗಿನ್ನೂ ಬಂದಿಲ್ಲ” ಎಂದೆನಲ್ಲ! ನಿನ್ನ ಗಂಡ ಸ್ಕ್ರೂಡ್ರೈವರ್ ಹಿಡಿದು ನೆಲ ನೋಡುತ್ತ ನಿಂತ. ನೀನು ಉಪಕರಣಗಳ ಪೆಟ್ಟಿಗೆಯೊಂದನ್ನೇ ಎತ್ತಿಕೊಂಡು ಹೊರಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತೆಂದು ಕಂಡಕಂಡವರಿಗೆ ಬೋಧಿಸಿದವನು ನಾನೇ.

ಆ ಏಳು ಉತ್ತರಗಳನ್ನು ಕೇಳಿದಂದಿನಿಂದ ನಿಂತಲ್ಲಿ ನಿಲ್ಲಲಾರೆ, ಕುಳಿತಲ್ಲಿ ಕೂರಲಾರೆ. ಆ ಹೆಸರು ಪರರ ಪಾಲಾದೀತೆಂದು ಜಪದ ನಡುವೆ ಎದ್ದು ಫೋನಿನಲ್ಲಿ ನೋಡುತ್ತಿದ್ದೆನು; ಇನ್ನೂ ಖಾಲಿಯಿದೆಯೆಂದು ಕಂಡರೆ ಮರಳಿ ಕುಳಿತು, ಎಣಿಸಿದ ಮಣಿ ಮರೆತು, ಮೊದಲಿನಿಂದ ಆರಂಭಿಸುತ್ತಿದ್ದೆನು. ನಿನ್ನೆ ತಡೆಯಲಾರದೆ ಆ ಹೆಸರಿನ ವೆಬ್‌ಸೈಟು ವಿಳಾಸವನ್ನು ಕೊಂಡುಬಿಟ್ಟೆನು. ಒಡೆತನದ ಜಾಗದಲ್ಲಿರುವುದು ನಿನ್ನ ಹೆಸರು, ನಿನ್ನ ಈಮೇಲು. ಒಪ್ಪಿಗೆ ಬೇಡಿ ಆ ಈಮೇಲಿಗೊಂದು ಓಲೆ ಬಂದಿರುತ್ತದೆ. ಹದಿನೈದು ದಿನಗಳೊಳಗೆ ನೀನು ಒಪ್ಪದಿದ್ದರೆ ಆ ವಿಳಾಸ ನಿಂತುಹೋಗುತ್ತದೆಯಂತೆ. ಅದನ್ನು ನಮಗೆ ಬಿಟ್ಟುಕೊಡಬೇಕೆಂಬ ನಿರ್ಬಂಧವಿಲ್ಲ. ನೀನೀಗ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ನಡೆಸುತ್ತಿರುವ ಅಂಗಡಿಗೇ ಇಟ್ಟುಕೊಂಡರೂ ಅದು ನ್ಯಾಯವೇ. ನಿನ್ನ ಗಂಡ ಇದೊಂದನ್ನೂ ಅರಿಯನು.

ಇಂತು,
ತಪ್ಪೊಪ್ಪಿಕೊಂಡ
ನಿನ್ನ ಮಾವ

ಮತ್ತೊಂದು ಮಾತು: ನಿನ್ನ ಗಂಡ ಅರಿಯನೆಂದ ಮೇಲಿನ ವಾಕ್ಯ ಸುಳ್ಳು, ಬರೆದ ಮೇಲೆ ಪೂಜೆಗೆ ಕೂರಲಾಗಲಿಲ್ಲ. ನಿನ್ನ ಈಮೇಲು ನನಗೆಲ್ಲಿಂದ ತಿಳಿಯಬೇಕು? ಅಕ್ಷರಗಳನ್ನು ಒತ್ತಿದವನು ಅವನೇ. “ನಾನು ಅಂತ ಹೇಳ್ಬೇಡಿ ಅಪ್ಪಾ, ನನ್ನ ಮೇಲಿನ ಸಿಟ್ಟಿಗೆ ಹೆಸರನ್ನೂ ಬೇಡ ಅಂದುಬಿಡ್ತಾಳೆ” ಎಂದ. ಅಂದು ನಾನು ಹರಿದೆಸೆದ ಕಾರ್ಡುಗಳಲ್ಲೊಂದನ್ನು ಅವನು ಆಯ್ದು ಅಂಟಿಸಿ, ತನ್ನ ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದಾನೆ. ಅದನ್ನು ನೋಡಿಕೊಂಡೇ ಒತ್ತಿದ. ಹೆಸರು ಪಡೆದ ನಿನಗೂ, ಇಟ್ಟ ಆ ಜನರಿಗೂ, ಅಂದು ಬಾಯಿ ತೆರೆಯಲಾರದ ಅವನಿಗೂ, ಬಾಯಿ ಮುಚ್ಚಲಾರದ ನನಗೂ ಭಗವಂತನು ಒಳಿತನ್ನೇ ಮಾಡಲಿ.