ಹಾಲು ಒಗ್ಗುವವರ ಬೆಂಚು

ಅಮ್ಮಾ,

ಹೊಟ್ಟೆಯೊಂದನ್ನು ಬಿಟ್ಟರೆ ನಾನು ಕ್ಷೇಮ. ಕೆಲಸಕ್ಕೆ ಸೇರಿದ ಹೊಸ ಪ್ರಯೋಗಾಲಯದ ಕಾರಿಡಾರಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಇಲ್ಲಿ ಹಾಲು ಯಾರಿಗೆ ಒಗ್ಗುತ್ತದೆ, ಯಾರಿಗೆ ಇಲ್ಲ ಎಂಬುದರ ಸಂಶೋಧನೆ. ಬಂದವರು ಹಾಲಿನ ಸಕ್ಕರೆ ಕರಗಿಸಿದ ನೀರು ಕುಡಿದು, ಕರೆದಾಗಲೆಲ್ಲ ಒಂದೊಂದು ಚೀಲಕ್ಕೆ ಉಸಿರು ಊದಬೇಕು. ಆ ಸಕ್ಕರೆ ಜೀರ್ಣವಾಗದಿದ್ದರೆ ಹೊಟ್ಟೆಯಲ್ಲಿ ಗ್ಯಾಸ್ ಎದ್ದು ಉಸಿರಿನಲ್ಲಿ ಸಿಕ್ಕಿಬೀಳುತ್ತದೆ. ದಪ್ಪ ಮೀಸೆಯವರೆಲ್ಲ ಕೆನ್ನೆ ಉಬ್ಬಿಸಿ ಊದುವುದನ್ನು ನೀನು ನೋಡಬೇಕಿತ್ತು.

ಹೋಲಿಸಿ ನೋಡಲು ಹಾಲು ಒಗ್ಗುವವರೂ ಬೇಕು. ಇವತ್ತು ಅವರ ಬೆಂಚಿನಲ್ಲಿ ಒಬ್ಬರು ಕಡಿಮೆಯಾದರು. "ನಮ್ಮನೇಲಿ ಎಲ್ಲರೂ ದಿನಾ ಹಾಲು ಕುಡಿಯೋರೇ" ಎಂದು ಜಂಬದಿಂದ ನಾನೇ ಹೋಗಿ ಕುಳಿತೆ. ಸ್ವಲ್ಪ ಹೊತ್ತಿಗೆಲ್ಲ ಯಂತ್ರದ ಗೆರೆ ಸರ್ರನೆ ಮೇಲೇರಿತು. ನಮ್ಮ ಮೇಡಂ ನಕ್ಕು, "ನಿಮ್ಮ ಜಾಗ ಆ ಕಡೆ ಬೆಂಚು. ಇದು ರಕ್ತದಲ್ಲೇ ಬರತ್ತೆ, ಮನೇಲಿ ವಿಚಾರಿಸಿ" ಎಂದರು.

ಪರೀಕ್ಷೆ ಮುಗಿಯುವವರೆಗೆ ಓಡಾಡುವಂತಿಲ್ಲ. ಹೊಟ್ಟೆಯೊಳಗೆ ಗುಡುಗುಡು, ಕೂತಲ್ಲಿ ಕೂರಲಾಗುತ್ತಿಲ್ಲ. ಆಗ ಅಪ್ಪ ನೆನಪಾದರು. ಊಟವಾಗಿ ನೀನು ಕೊಟ್ಟ ಹಾಲು ಕುಡಿದ ಮೇಲೆ ಅವರು ಹೊಟ್ಟೆ ಸವರಿಕೊಳ್ಳುತ್ತ ವರಾಂಡದಲ್ಲಿ ಶತಪಥ ಹಾಕುತ್ತಾರಲ್ಲ, "ಎಲ್ಲಾ ನಿನ್ನ ಮದುವೆ ಚಿಂತೆ ಕಣೇ" ಎಂದು ನೀನು ಪ್ರತಿ ಕಾಗದದಲ್ಲೂ ಬರೆಯುತ್ತೀಯಲ್ಲ?

ಚೀಲ ಊದಲು ಮತ್ತೆ ಕರೆಯುತ್ತಿದ್ದಾರೆ, ಇಷ್ಟು ಮಾಡು. ಒಂದು ವಾರ ಹಾಲು ನಿಲ್ಲಿಸಿ ಅಪ್ಪನಿಗೆ ಮಜ್ಜಿಗೆ ಕೊಡು. ಆಮೇಲೂ ಅವರು ವರಾಂಡ ಸುತ್ತಿದರೆ ಗಂಡು ನೋಡು, ಒಪ್ಪುತ್ತೇನೆ.

ನಿನ್ನ ಮಗಳು