ಬ್ಯಾಟರಿಗೂ ಮೈನ್ ಸ್ವಿಚ್

ನಿರಂಜನಣ್ಣಾ,

ನಿನ್ನ ಜೀವ ತೆಗೆದ ಪ್ರಯೋಗವನ್ನೇ, ನೀರಿನಲ್ಲಿ ಕರೆಂಟ್ ಹರಿಸುವುದನ್ನು, ಇವತ್ತು ನನ್ನ ಮಗಳು ಸ್ಫೂರ್ತಿ ಮಾಡಿದಳು. ಸಾಮಾನು ತರಲು ಹೊಸನಗರಕ್ಕೆ ನಾನೇ ಹೋದೆ. "ಹಳೇ ಚಾರ್ಜರ್ ವೈರ್ ಕತ್ತರ್ಸಿ ಹಾಕಿ ಅಕ್ಕಾ, ಆಗ್ತದೆ" ಎಂದ ಅಂಗಡಿಯವನಿಗೆ ಬೈದು, ಒಂಬತ್ತು ವೋಲ್ಟಿನ ಬ್ಯಾಟರಿ, ಎರಡು ಪೆನ್ಸಿಲ್ ತಂದೆ. ಉಪ್ಪು ಹಾಕಿದರೆ ವಿಷಗಾಳಿ ಬರುತ್ತದೆಂದು ಅಡುಗೆ ಸೋಡಾ ಕೊಟ್ಟೆ, ಕಿಟಕಿ ತೆರೆದಿಟ್ಟೆ. ಆದರೂ ಮನಸ್ಸು ತಡೆಯದೆ ಮನೆಯ ಮೈನ್ ಸ್ವಿಚ್ಚನ್ನೇ ಆರಿಸಿ ಬಂದೆ.

"ಬ್ಯಾಟ್ರಿಗೆ ಅದ್ಯಾಕಮ್ಮಾ?" ಎಂದು ನಕ್ಕಳು. ಪೆನ್ಸಿಲ್ ತುದಿಯಲ್ಲಿ ಗುಳ್ಳೆಗಳೆದ್ದವು.

ಅಂದು ಪ್ಲಗ್ಗಿಗೆ ವೈರ್ ಸಿಕ್ಕಿಸಿ, ಲೋಟ ಹಿಡಿದು ನಿಂತು, "ಸ್ವಿಚ್ ಹಾಕೇ" ಎಂದು ನೀನು ಕೂಗಿದ್ದು ಯಾರಿಗೆಂದು ಮನೆಯಲ್ಲಿ ಇವತ್ತಿಗೂ ಯಾರೂ ನನ್ನನ್ನು ಕೇಳಿಲ್ಲ, ಅಣ್ಣಾ.