ಕನಿಷ್ಠ, ಗರಿಷ್ಠ, ಬಿಕ್ಕಳಿಕೆ

ಮಾರ್ಚ್ 4, ಮಂಗಳವಾರ

ಮೊಮ್ಮಗ ಗುಂಡುವಿಗೆ ಬಾಳೆಹಣ್ಣು ಕಿವುಚಿ ತಿನ್ನಿಸಿ, ಅದರಲ್ಲಿ ಅರ್ಧವನ್ನು ನನ್ನ ಕನ್ನಡಕದ ಮೇಲಿಂದ ಒರೆಸಿ, ಎಂದಿನಂತೆ ಫೋನಿನಲ್ಲಿ ಗುಂಪು ತೆರೆದೆ. ಮೊದಲ ಪ್ರಶ್ನೆ: 'ಮಗುಗೆ ಬಿಕ್ಕಳಿಕೆ ಬರ್ತಿದೆ, ಏನ್ಮಾಡ್ಲಿ, ಪ್ಲೀಸ್ ಅರ್ಜೆಂಟ್.' ಕೆಳಗೆ ಉತ್ತರಗಳ ಜಾತ್ರೆ. ಬೆನ್ನು ತಟ್ಟಿ ಎಂದಳು ಒಬ್ಬಳು. ತಟ್ಟಲೇಬೇಡಿ ಎಂದಳು ಇನ್ನೊಬ್ಬಳು. ಮೂರನೆಯವಳು ತನ್ನ ಮಗು ಹೊಸ ಟೋಪಿ ಹಾಕಿಕೊಂಡ ಫೋಟೋ ಕಳಿಸಿದಳು. ನಾನು ಬರೆದೆ: 'ಏನೂ ಮಾಡಬೇಡಿ. ತಾನಾಗಿ ನಿಲ್ಲುತ್ತದೆ.' ಅಷ್ಟರಲ್ಲಿ ನಿಂತೇ ಹೋಗಿತ್ತಂತೆ. ಧನ್ಯವಾದ ಸಿಕ್ಕಿದ್ದು ಟೋಪಿಯವಳಿಗೆ!

ಗುಂಪಿನ ಹೆಸರು 'ಮಡಿಲು'. ಎಳೆ ಮಕ್ಕಳ ತಂದೆತಾಯಿಯರ ಸಂತೆ. ಮಗಳು ರಜೆ ಮುಗಿಸಿ ವಿಮಾ ಕಚೇರಿಗೆ ಹೊರಟ ದಿನ ನನ್ನನ್ನು ಇದಕ್ಕೆ ಸೇರಿಸಿದಳು. 'ಅಮ್ಮ, ಡೌಟ್ ಬಂದ್ರೆ ಕೇಳು.' ಡೌಟು! ನನಗೆ! ಪ್ರೌಢಶಾಲೆಯಲ್ಲಿ ರೇಖಾಗಣಿತ ಕಲಿಸಿದವಳಿಗೆ ಹತ್ತು ತಿಂಗಳ ಮೊಮ್ಮಗನ ವಿಷಯದಲ್ಲಿ ಡೌಟು.

ಹಲ್ಲು ಬರುವಾಗ ಚಮಚವನ್ನು ತಣ್ಣಗೆ ಮಾಡಿ ಕಚ್ಚಲು ಕೊಡುವ ಉಪಾಯ ಅಲ್ಲಿಂದಲೇ ಬಂದದ್ದು ನಿಜ. ಹೇಳಿದವಳು ಸೂರ್ಯಕಾಂತಿ ಹೂವಿನ ಚಿತ್ರ ಹಾಕಿಕೊಂಡವಳು. ಗುಂಡು ಅಳು ನಿಲ್ಲಿಸಿದನೆಂದು ಅವಳಿಗೆ ತಿಳಿಸಲಿಲ್ಲ. ಮೊದಲೇ ಅವಳ ಕಾಲು ನೆಲದ ಮೇಲಿಲ್ಲ.

ಮಾರ್ಚ್ 7, ಶುಕ್ರವಾರ

ಗುಂಪಿನವರು ನನ್ನನ್ನು 'ಮೇಡಂ' ಎನ್ನುತ್ತಾರೆ. ಪೂರ್ಣವಿರಾಮ ಹಾಕುವವಳು ನಾನೊಬ್ಬಳೇ ಆದದ್ದರಿಂದ ಇರಬೇಕು. ಉಳಿದವರದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಓದುವಾಗ ಕಲ್ಲು ಅಗಿದಂತಾಗುತ್ತದೆ.

ನಾನು ತಾಯಿಯೆಂದೇ ಅವರ ಎಣಿಕೆ. ನಾನು ಬರೆಯುವುದು 'ನಮ್ಮ ಮನೆಯ ಮಗು' ಎಂದು. ಅದರಲ್ಲಿ ಸುಳ್ಳೇನಿಲ್ಲ. ಕೇಳಿದ್ದರೆ ಅಜ್ಜಿ ಎಂದು ಹೇಳುತ್ತಿದ್ದೆ. ಕೇಳುವ ಬುದ್ಧಿ ಯಾರಿಗಿದೆ?

ಅಡ್ಮಿನ್ ಹಲ್ಲಿನ ಡಾಕ್ಟರು. ದಿನಕ್ಕೊಂದು ಹಲ್ಲಿನ ಸಲಹೆ, ಅದರ ಬಾಲಕ್ಕೆ ತನ್ನ ಕ್ಲಿನಿಕ್ಕಿನ ವಿಳಾಸ. ನಮ್ಮ ಬೀದಿಯ ಆಚೆಗೇ, ಔಷಧಿ ಅಂಗಡಿಯ ಮೇಲೆ. ಸಮಾಜಸೇವೆ ಎಂದರೆ ಇದು.

ಮಾರ್ಚ್ 10, ಸೋಮವಾರ

ಹೊಸಬಳು ಬಂದಿದ್ದಾಳೆ. ಹೆಸರಿನ ಜಾಗದಲ್ಲಿ ಒಂದು ಚುಕ್ಕಿ, ಮುಖದ ಜಾಗದಲ್ಲಿ ಬೆಕ್ಕಿನ ಚಿತ್ರ. ಬರೆದದ್ದು ಇಷ್ಟು:

'ನಂಗೆ ಹದಿನೇಳು. ಪಾಪು ಹುಟ್ಟಿ ನಾಲ್ಕು ದಿನ ಆಯ್ತು. ಹಾಲು ಕುಡಿಯೋದು ಅದಕ್ಕೆ ಗೊತ್ತಾಗ್ತಿಲ್ಲ. ಕುಡಿಸೋದು ನಂಗೂ ಗೊತ್ತಿಲ್ಲ.'

ಮೊದಲು ಸೂರ್ಯಕಾಂತಿ: 'ಹದಿನೇಳಾ???' ಮೂರು ಪ್ರಶ್ನೆಚಿಹ್ನೆ. ಆಮೇಲೆ ಗುಂಪಿನ ವಕೀಲ, ಅವಳಿಜವಳಿಯ ಅಪ್ಪ: 'ಮೈನರ್ ಇದ್ದರೆ ಗ್ರೂಪಿಗೇ ತೊಂದರೆ. ವಯಸ್ಸಿನ ಲಿಮಿಟ್ ಬೇಕು.' ಬಿಕ್ಕಳಿಕೆಗೆ ಮುಗಿಬಿದ್ದವರಲ್ಲಿ ಒಬ್ಬರೂ ಮಗುವಿನ ಹೊಟ್ಟೆಯ ಮಾತೆತ್ತಲಿಲ್ಲ.

ನಾನು ಬರೆದೆ. ಮಗುವಿನ ಹೊಟ್ಟೆ ನಿನ್ನ ಹೊಟ್ಟೆಗೆ ತಾಗಿರಲಿ. ಮಗುವನ್ನು ಎದೆಗೆ ತರಬೇಕು, ಎದೆಯನ್ನು ಮಗುವಿಗೆ ಬಗ್ಗಿಸಬಾರದು. ಬಾಯಿ ಅಗಲವಾಗಿ ತೆರೆಯುವವರೆಗೆ ಕಾಯಬೇಕು. ಆಸ್ಪತ್ರೆಯ ನರ್ಸನ್ನು ಕೇಳಬೇಕಿತ್ತು, ಬಾಯಿಗೆ ಏನಾಗಿತ್ತು?

'ಕೇಳ್ದೆ ಮೇಡಂ. ಅವ್ರು ನಿಮ್ಮಮ್ಮನ್ನ ಕರಿ ಅಂದ್ರು.'

ಹುಡುಗಿಗೆ ಅಮ್ಮ ಇಲ್ಲವಂತೆ. ಅಕ್ಕನ ಮನೆಯಲ್ಲಿದ್ದಾಳೆ. ಮುಂದೆ ಕೇಳಲಿಲ್ಲ. ನನಗದು ಸಂಬಂಧಪಡದ ವಿಷಯ. ಕಾಲೇಜಿನ ಬೆಂಚಿನ ಮೇಲೆ ಕೂರಬೇಕಾದ ವಯಸ್ಸು. ಮೂರ್ಖಳು.

ಮಾರ್ಚ್ 11, ಮಂಗಳವಾರ

ಅಡ್ಮಿನ್ ನನಗೊಬ್ಬಳಿಗೇ ಸಂದೇಶ ಕಳಿಸಿದಳು. 'ಮೇಡಂ, ನಿಮ್ಮ ಭಾಷೆ ಸೂಪರ್. ರೂಲ್ ಒಂದ್ಸಲ ನೋಡಿಕೊಡಿ.'

ಆ ರೂಲು: 'ಹದಿನೆಂಟು ವರ್ಷ ಮೇಲ್ಪಟ್ಟವರು ಇರಬಹುದು, ದಯವಿಟ್ಟು ಸಹಕರಿಸಿ.' ಇದು ನಿಯಮವೋ ಬಸ್ಸಿನಲ್ಲಿ ಅಂಟಿಸಿದ ಚೀಟಿಯೋ? ತಿದ್ದಿದೆ. ಕೆಂಪು ಅಕ್ಷರ ಬರಿಸುವುದು ಹೇಗೆಂದು ಮಗಳು ತೋರಿಸಿಕೊಟ್ಟಿದ್ದಾಳೆ, ಅದೊಂದು ಉಪಕಾರ. 'ಅಪೂರ್ಣ. ಕನಿಷ್ಠ ಎಂದಮೇಲೆ ಗರಿಷ್ಠವೂ ಇರತಕ್ಕದ್ದು. ರೇಖಾಖಂಡಕ್ಕೆ ಎರಡು ಅಂತ್ಯಬಿಂದು.' ಗರಿಷ್ಠದ ಜಾಗ ಖಾಲಿ ಬಿಟ್ಟೆ. ಎರಡನೆಯ ಕಲಮು ನಾನೇ ಸೇರಿಸಿದೆ: 'ಯಾವ ಕಾರಣಕ್ಕೂ, ಯಾರಿಗೂ ವಿನಾಯಿತಿ ಇರುವುದಿಲ್ಲ.' ಕೊನೆಗೊಂದು ವಾಕ್ಯ — ಭಾನುವಾರದೊಳಗೆ ಎಲ್ಲರೂ ಹುಟ್ಟಿದ ವರ್ಷ ತಿಳಿಸತಕ್ಕದ್ದು. ಮಿತಿಯ ಹೊರಗೆ ಬೀಳುವವರನ್ನು ಸೋಮವಾರ ತೆಗೆಯಲಾಗುವುದು.

ಬೆಕ್ಕಿನ ಹುಡುಗಿ ಹೊರಗೆ ಬೀಳುತ್ತಾಳೆಂದು ಗೊತ್ತಿತ್ತು. ಆದರೆ ಉತ್ತರಪತ್ರಿಕೆಯ ಮೇಲೆ ಹೆಸರು ನೋಡಿ ಅಂಕ ಕೊಟ್ಟವಳಲ್ಲ ನಾನು. ನಿಯಮ ನಿಯಮದಂತಿರಬೇಕು.

ಮಾರ್ಚ್ 13, ಗುರುವಾರ

ಖಾಲಿ ಜಾಗ ತುಂಬಿದರು. ಗರಿಷ್ಠ ನಲವತ್ತೈದು. ತೊಂಬತ್ತೋ ನೂರೋ ಹಾಕುತ್ತಾರೆಂದುಕೊಂಡಿದ್ದೆ. ನಲವತ್ತೈದು ಸೂರ್ಯಕಾಂತಿಯ ಸೂಚನೆಯಂತೆ. 'ಅಜ್ಜಿ ಕಾಲದ ಉಪದೇಶ ಮನೇಲೇ ಸಾಕಾಗಿದೆ, ಇಲ್ಲಾದ್ರೂ ಉಸಿರಾಡೋಣ.' ನಗುವ ಮುಖಗಳ ಸಾಲು. ವಕೀಲನ ಹೆಬ್ಬೆರಳು. ಅಡ್ಮಿನ್: 'ಮೇಡಂ ಡ್ರಾಫ್ಟ್ ಅಂದ್ರೆ ಡ್ರಾಫ್ಟ್! ಪಾಸ್!!'

ನನಗೆ ಅರವತ್ತಾರು.

ಊಟಕ್ಕೆ ಕೂತಾಗ ಮಗಳಿಗೆ ಹೇಳಿದೆ. ತಟ್ಟೆ ಬಿಟ್ಟು ನಕ್ಕಳು.

'ನೀನೇ ಗುಂಡಿ ತೋಡಿ, ನೀನೇ ಅಳತೆ ಕೊಟ್ಟು, ನೀನೇ ಬಿದ್ಯಾ ಅಮ್ಮ?'

'ನಗಬೇಡ. ಗುಂಡು ಬೆಚ್ಚಿಬೀಳ್ತಾನೆ.'

'ಹೋಗ್ಲಿ ಬಿಡು, ನನ್ನ ಹುಟ್ಟಿದ ವರ್ಷ ಹಾಕು. ಯಾರು ಬಂದು ನೋಡ್ತಾರೆ?'

'ಸರ್ವಿಸ್ ಉದ್ದಕ್ಕೂ ಕಾಪಿ ಹೊಡೆಯೋರನ್ನ ಹಿಡಿದಿದೀನಿ. ಈಗ ಮಗಳದ್ದನ್ನ ನೋಡಿ ಬರೀಲಾ?'

'ಹಾಗಾದ್ರೆ ಆ ಡಾಕ್ಟರನ್ನ ಕೇಳು. ನಿಮಗೊಬ್ರಿಗೆ ಇರ್ಲಿ ಅಂತಾರೆ.'

ವಿನಾಯಿತಿ ಕೇಳುವುದು! ನಾನು! ಆ ಕಲಮು ಬರೆದ ಕೈಯಿಂದ!

ಹುಟ್ಟಿದ ವರ್ಷ ಸರಿಯಾಗಿಯೇ ತುಂಬಿ ಕಳಿಸಿದೆ. ಹೋದರೆ ಹೋಯಿತು. ಟೋಪಿಯ ಫೋಟೋ ನೋಡದೆ ಯಾರೂ ಸತ್ತಿಲ್ಲ.

ಮಾರ್ಚ್ 15, ಶನಿವಾರ

ಬೆಕ್ಕಿನ ಹುಡುಗಿ ದಿನವೂ ಮಧ್ಯಾಹ್ನ ಬರೆಯುತ್ತಾಳೆ. ನಾನೊಬ್ಬಳೇ ಉತ್ತರಿಸುವುದು. ಇಂದು: 'ಪಾಪು ತುಂಬಾ ಒಳ್ಳೇದು ಮೇಡಂ. ಅಳೋದೇ ಇಲ್ಲ. ಯಾವಾಗ್ಲೂ ನಿದ್ದೆ.'

ಮೆಚ್ಚುಗೆಯಾಗಲಿಲ್ಲ. ಒಂದು ಸದ್ದೂ ಇಲ್ಲದ ತರಗತಿಯನ್ನು ನಾನು ಎಂದೂ ನಂಬಿದವಳಲ್ಲ. 'ಎಬ್ಬಿಸಿ ಕುಡಿಸು' ಎಂದು ಬರೆದೆ. 'ಅಂಗಾಲು ಉಜ್ಜು. ಬಟ್ಟೆ ಸಡಿಲಿಸು. ನಾಳೆ ಡಾಕ್ಟರಿಗೆ ತೋರಿಸು.'

'ನಾಳೆ ಭಾನುವಾರ ಅಲ್ವಾ ಮೇಡಂ. ಸೋಮವಾರ ಹೋಗ್ತೀನಿ.'

ಭಾನುವಾರ ಮಗುವಿಗೂ ರಜೆಯೇ?

ಮಾರ್ಚ್ 17, ಸೋಮವಾರ. ಮಧ್ಯಾಹ್ನ

ಈಗಷ್ಟೇ. ಕ್ರಮವಾಗಿ ಬರೆಯುತ್ತೇನೆ, ಬರೆದರೆ ತಲೆ ಸ್ಥಿಮಿತಕ್ಕೆ ಬರುತ್ತದೆ.

ಅವಳು ಬರೆದಳು: 'ಎಬ್ಬಿಸಿದ್ರೂ ಏಳ್ತಿಲ್ಲ ಮೇಡಂ. ಕಣ್ಣು ಹಳದಿ ಆಗಿದೆ. ಅಕ್ಕ ಕೆಲಸಕ್ಕೆ ಹೋಗಿದಾಳೆ, ಕಿಟಕಿ ಹತ್ರ ಬಿಸಿಲಿಗೆ ಹಿಡಿ ಸಾಕು ಅಂದ್ಳು. ಸಾಕಾ?'

'ಸಾಲದು. ಈ ಕ್ಷಣ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ' — ಇಷ್ಟು ಒತ್ತಿದ್ದೆ. ಬರೆಯುವ ಪಟ್ಟಿಯೇ ಮಾಯವಾಯಿತು. ಅದರ ಜಾಗದಲ್ಲಿ ಒಂದು ಸಾಲು: 'ನೀವು ಈಗ ಈ ಗುಂಪಿನ ಸದಸ್ಯರಲ್ಲ.'

ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಏಳಬಾರದೆಂದು ಎಷ್ಟು ಮಕ್ಕಳಿಗೆ ಬೈದಿದ್ದೇನೆ.

ಅವಳ ನಂಬರು ನನ್ನ ಬಳಿ ಇಲ್ಲ. ಗುಂಪಿನಲ್ಲಿ ನಂಬರು ಕಾಣುವುದು ಅಡ್ಮಿನ್ನಿಗೆ ಮಾತ್ರ. ಫೋನ್ ಮಾಡಿದೆ, ಅಡ್ಮಿನ್ ಎತ್ತುತ್ತಿಲ್ಲ. ಅವಳ ಕ್ಲಿನಿಕ್ಕಿಗೇ ಹೊರಟೆ. ಗುಂಡುವಿಗೆ ಒಂದೇ ಕಾಲುಚೀಲ ಸಿಕ್ಕಿತು. ಅದೇ ಸಾಕು.

ಸಂಜೆ

ಕ್ಲಿನಿಕ್ಕಿನಲ್ಲಿ ಕಾಯುವವರ ಸಾಲು. ದಾಟಿಕೊಂಡು ಒಳಗೇ ಹೋದೆ, ಗುಂಡು ಸೊಂಟದ ಮೇಲೆ. ಕುರ್ಚಿಯಲ್ಲೊಬ್ಬ ದಪ್ಪ ಮನುಷ್ಯ ಬಾಯಿ ತೆರೆದು ಮಲಗಿದ್ದ, ಬಾಯಿತುಂಬ ಹತ್ತಿ. ಡಾಕ್ಟರಮ್ಮ ಫೋಟೋದಲ್ಲಿ ಕಾಣುವುದಕ್ಕಿಂತ ಚಿಕ್ಕವಳು. ನಾನು ಯಾರೆಂದು ಹೇಳಿದೆ. ನನ್ನ ಬಿಳಿ ತಲೆ ನೋಡಿದಳು, ಗುಂಡುವನ್ನು ನೋಡಿದಳು.

'ಅಯ್ಯೋ, ಮೇಡಂ ಅಂದ್ರೆ ನೀವಾ? ಆಂಟಿ, ನಂಗೂ ಬೇಜಾರಾಯ್ತು. ಆದ್ರೆ ವಿನಾಯಿತಿ ಇಲ್ಲ ಅಂತ ಬರೆದಿದ್ದು ನೀವೇ ಅಲ್ವಾ?'

'ನನ್ನ ವಿಷಯ ಅಲ್ಲ. ಬೆಕ್ಕಿನ ಹುಡುಗೀದು. ಅವಳ ನಂಬರ್ ಬೇಕು.'

'ಅವ್ಳನ್ನೂ ತೆಗೆದ್ನಲ್ಲ. ನಿಮ್ಮಿಬ್ರನ್ನೂ ಒಟ್ಟಿಗೇ ತೆಗೆದೆ. ನಂಬರ್ ಕೊಡೋ ಹಾಗಿಲ್ಲ ಆಂಟಿ, ಪ್ರೈವೆಸಿ. ಅದೂ ರೂಲೇ.'

'ಹಾಗಾದ್ರೆ ನೀನೇ ಫೋನ್ ಮಾಡು.'

'ಪೇಷಂಟ್ ಇದಾರೆ, ಹತ್ತು ನಿಮಿಷ—'

'ಹನ್ನೊಂದು ದಿನದ ಕೂಸು. ಎಬ್ಬಿಸಿದ್ರೆ ಏಳ್ತಿಲ್ಲ, ಕಣ್ಣು ಹಳದಿ. ಡಾಕ್ಟರ್ ಅಲ್ವೇನಮ್ಮ ನೀನು? ಹಲ್ಲು ಬಂದಮೇಲೇನಾ ನಿನಗೆ ಮಕ್ಕಳು ಕಾಣೋದು?'

ಅವಳ ಮುಖ ಬಿಳಿಚಿತು. ಆಗ ಕುರ್ಚಿಯ ಮನುಷ್ಯ ಎದ್ದು ಕೂತ. ಹತ್ತಿಯೊಳಗಿನಿಂದ 'ಹೊಹಿ, ಹೊಹಿ' ಎಂದ. ಅರ್ಥವಾಗಲಿಲ್ಲವೆಂದು ಹತ್ತಿಯನ್ನು ಅಂಗೈಗೆ ಉಗುಳಿದ. 'ಕೊಡಿ ಡಾಕ್ಟ್ರೇ! ನನ್ನ ಹಲ್ಲೇನು ಓಡಿಹೋಗುತ್ತಾ?'

ಡಾಕ್ಟರಮ್ಮ ಕೈಗವಸು ಕಿತ್ತೆಸೆದು ತಾನೇ ಕರೆ ಮಾಡಿ, 'ಮೇಡಂ ಮಾತಾಡ್ತಾರೆ' ಎಂದು ಫೋನನ್ನು ನನ್ನ ಕಿವಿಗಿಟ್ಟಳು. ಬೆಕ್ಕಿನ ಹುಡುಗಿಯ ದನಿ ಮೊದಲ ಸಲ ಕೇಳಿದೆ. ಎಳೆಯದು. ಹಿಂದಿನ ಬೆಂಚಿನ ದನಿ.

'ಮೇಡಂ? ಗ್ರೂಪಿಂದ ತೆಗೆದ್ಬಿಟ್ರು. ನಾನೇನೋ ತಪ್ಪು ಬರೆದೆ ಅನ್ಕೊಂಡೆ.'

'ನೀನು ಬರೆದಿದ್ದಲ್ಲ. ವಿಳಾಸ ಹೇಳು.'

ಟ್ಯಾಕ್ಸಿಯಲ್ಲಿ ಹೋದೆ. ಲಾಂಡ್ರಿಯ ಹಿಂದಿನ ಒಂದು ಕೋಣೆ. ಸಾಬೂನಿನ ಹಬೆ, ಕಿಟಕಿ ಅಂಗೈಯಷ್ಟು, ಅದರಲ್ಲಿ ಬಿಸಿಲೆಲ್ಲಿ ಬರಬೇಕು? ಬಾಗಿಲು ತೆಗೆದವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, 'ಅಯ್ಯೋ, ನೀವು ಅಜ್ಜೀನಾ!' ಎಂದು ನಕ್ಕು, ನಗುತ್ತಲೇ ಅಳತೊಡಗಿದಳು. 'ಅಳೋದು ದಾರೀಲಿ. ಚಪ್ಪಲಿ ಹಾಕ್ಕೋ' ಎಂದೆ.

ಆಸ್ಪತ್ರೆಯಲ್ಲಿ ರಕ್ತ ನೋಡಿದವರೇ ಮಗುವನ್ನು ನೀಲಿ ದೀಪದ ಕೆಳಗೆ ಮಲಗಿಸಿದರು. ಕಣ್ಣಿಗೆ ಪಟ್ಟಿ. ಕಾಮಾಲೆ ಏರಿದೆ, ತೂಕ ಇಳಿದಿದೆ, ಇವತ್ತೇ ತಂದದ್ದು ಒಳ್ಳೆಯದಾಯಿತು ಎಂದರು. ಅಲ್ಲಿನ ನರ್ಸು ಹುಡುಗಿಯ ಕಡೆ ನೋಡದೆ ನನ್ನನ್ನು ಕೇಳಿದಳು: 'ನೀವು ಇವಳ ಅಮ್ಮನಾ?'

'ಅಲ್ಲ, ಇವಳ ಮೇಡಂ' ಎಂದೆ. 'ನೀವು ಹೇಳೋದನ್ನ ಅವಳಿಗೇ ಹೇಳಿ. ಮಗು ಅವಳದ್ದು. ಅವಳಿಗೆ ಅರ್ಥ ಆಗತ್ತೆ.'

ಮಾರ್ಚ್ 21, ಶುಕ್ರವಾರ

ದೀಪ ತೆಗೆದರು. ಹಾಲನ್ನು ಹಿಂಡಿ ಚಮಚದಲ್ಲಿ ಕುಡಿಸುತ್ತಿದ್ದರು. ನಿನ್ನೆಯಿಂದ ಮಗು ಎದೆಗೇ ಬಾಯಿ ಹಾಕುತ್ತಿದೆ. ಅಳುವೂ ಬಂದಿದೆ. ವಾರ್ಡಿಗೆಲ್ಲ ಕೇಳುವಂಥ ಅಳು. ಹುಡುಗಿ ಗಾಬರಿಯಿಂದ ನನ್ನ ಮುಖ ನೋಡಿದಳು. 'ಇದು ಪಾಸಾದ ಸದ್ದು' ಎಂದೆ.

ಅವಳ ಅಕ್ಕನೂ ಬಂದಿದ್ದಳು, ಲಾಂಡ್ರಿಯ ಏಪ್ರನ್ನಿನಲ್ಲೇ. ಬಿಸಿಲಿನ ಮಾತಿಗೆ ಬೈಯಬೇಕೆಂದು ಸಿದ್ಧವಾಗಿ ಹೋಗಿದ್ದೆ. ತಂಗಿಯ ತಲೆ ಬಾಚುತ್ತಿದ್ದಳು. ಬೈಗುಳ ಉಳಿಯಿತು. ಸೂರ್ಯಕಾಂತಿಗೆ ಉಪಯೋಗಕ್ಕೆ ಬರುತ್ತದೆ.

ಮಾರ್ಚ್ 24, ಸೋಮವಾರ

ಅಡ್ಮಿನ್ನಿನ ಸಂದೇಶ. 'ಮೇಡಂ, ಎಲ್ಲರಿಗೂ ವಿಷಯ ಹೇಳಿದೆ. ನಿಮಗೊಬ್ಬರಿಗೆ ಸ್ಪೆಷಲ್ ಆಗಿ ಏಜ್ ಲಿಮಿಟ್ ಇಲ್ಲ. ವಾಪಸ್ ಬನ್ನಿ. ನೀವಿಲ್ಲದೆ ಬೋರ್.' ಸೂರ್ಯಕಾಂತಿಯೂ ಕೈಮುಗಿದ ಚಿತ್ರ ಕಳಿಸಿದ್ದಾಳಂತೆ. ಹೂವು ಯಾವ ಕಡೆ ಬೇಕಾದರೂ ತಿರುಗುತ್ತದೆ.

ಉತ್ತರ ಬರೆದೆ: 'ಮೇಲಿನ ತುದಿಯನ್ನು ಒಬ್ಬಳಿಗಾಗಿ ಸಡಿಲಿಸಿ ಕೆಳಗಿನ ತುದಿಯನ್ನು ಬಿಗಿಯಾಗಿಟ್ಟರೆ ಅದು ನಿಯಮವಲ್ಲ, ಮುಖ ನೋಡಿ ಮಣೆ ಹಾಕುವುದು. ಮಗುವನ್ನು ಸಾಕುತ್ತಿರುವವರು ಯಾರೇ ಆಗಲಿ ಸದಸ್ಯರಾಗಬಹುದು — ಈ ಒಂದೇ ವಾಕ್ಯ ಸಾಕು. ವಕೀಲರಿಗೆ ಕಾನೂನಿನ ಭಯವಿದ್ದರೆ ಆ ಹುಡುಗಿಯ ಜೊತೆಗೆ ಅವಳ ಅಕ್ಕನನ್ನೂ ಸೇರಿಸಿ. ಹುಡುಗಿಯನ್ನು ಮೊದಲು ಕರೆಯಿರಿ. ಆಮೇಲೆ ನಾನು.'

ಎರಡು ನೀಲಿ ಗೆರೆ ಬಂದವು. ಓದಿದ್ದಾರೆ. ಉತ್ತರವಿಲ್ಲ. ಮತದಾನ ನಡೆಸುತ್ತಿರಬೇಕು, ಮಹಾ ಸಂಸತ್ತು.

ಏಪ್ರಿಲ್ 6, ಭಾನುವಾರ

ಇನ್ನೂ ಉತ್ತರವಿಲ್ಲ. ಕೇಳುವುದೂ ಇಲ್ಲ. ಗುಂಡು ಇಂದು ಕುರ್ಚಿ ಹಿಡಿದು ನಿಂತ. ಹೇಳಿಕೊಳ್ಳಲು ಸಂತೆ ಇಲ್ಲದ್ದರಿಂದ ಇಲ್ಲಿ ಬರೆದಿಟ್ಟಿದ್ದೇನೆ. ಮಗಳು 'ಫೋಟೋ ತೆಗಿ ಅಮ್ಮ' ಎಂದಳು. ಟೋಪಿ ಹಾಕಿಸಿ ತೆಗೆದೆ. ಬೆಕ್ಕಿನ ಹುಡುಗಿಗೆ ಕಳಿಸಿದೆ, ಒಂದೇ ಒಂದು.

ಈಗ ಅವಳದ್ದೇ ಫೋನು. ದಿನವೂ ಹೀಗೆಯೇ, ನಾನು ಬರೆಯಲು ಕೂತ ಹೊತ್ತಿಗೇ. ಮಗುವಿಗೆ ಬಿಕ್ಕಳಿಕೆಯಂತೆ. ಏನು ಮಾಡಲಿ ಮೇಡಂ, ಅರ್ಜೆಂಟ್, ಅಂತೆ. ಹತ್ತು ತಿಂಗಳ ಬಿಕ್ಕಳಿಕೆ ಕಂಡವಳು ನಾನು, ಬಿಕ್ಕಳಿಕೆಗೆ ಯಾರಾದರೂ ಓಡುತ್ತಾರೆಯೇ? ಏನೂ ಮಾಡಬೇಡ, ತಾನಾಗಿ ನಿಲ್ಲುತ್ತದೆ ಎಂದೆ. ನಿಲ್ಲುವವರೆಗೆ ಫೋನ್ ಇಡಬೇಡಿ ಅನ್ನುತ್ತಾಳೆ. ಬುದ್ಧಿಗೇಡಿ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಪೆನ್ನು, ಗುಂಡು ಕಾಲು ಜಗ್ಗುತ್ತಿದ್ದಾನೆ. ಈ ವಾಕ್ಯ ಮುಗಿಸಿಯೇ ಏಳುವುದೆಂದು